ಮಾಂತು ಯಾಕೆ ಬರುತ್ತಿಲ್ಲ?

ಕಾತ್ರಜದ ಚೌಕದಿಂದ ಸ್ವಲ್ಪ ಒಳಗೆ ಹೋದರೆ ಮುರುಗೆಪ್ಪನ ಅಂಗಡಿ. ಜೋಳದ ಹಿಟ್ಟು, ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಎಲ್ಲ ಅಲ್ಲಿ ಸಿಗುತ್ತದೆ. ಪುಣೆಯಲ್ಲಿದ್ದುಕೊಂಡು ಬಾಯಿಗೆ ಊರಿನ ರುಚಿ ಬೇಕೆನ್ನುವ ಕನ್ನಡದವರು ಅವನಲ್ಲಿಗೇ ಬರುತ್ತಾರೆ. ಅಂಗಡಿಯ ಮೇಲೆಯೇ ಮನೆ. ಮುರುಗೆಪ್ಪ ವ್ಯಾಪಾರದಲ್ಲಿ ಹುಷಾರು ಮನುಷ್ಯ. ಆದರೆ ಈ ಬೇಸಿಗೆಯಲ್ಲಿ ಅವನಿಗೆ ಏನೋ ಆಗಿಬಿಟ್ಟಿತ್ತು. ಚಟ್ನಿ ಕೇಳಿದವರಿಗೆ ಹಿಟ್ಟು ಕಟ್ಟುತ್ತಿದ್ದ, ಹಿಟ್ಟು ಕೇಳಿದವರಿಗೆ “ಏನ್ ಬೇಕಂದ್ರಿ?” ಎಂದು ಮತ್ತೆ ಕೇಳುತ್ತಿದ್ದ. ಅವನ ಕಣ್ಣೆಲ್ಲ ರಸ್ತೆಯ ಮೇಲೆ.

“ಯಾರನ್ನ ನೋಡಾಕತ್ತೀರಿ?” ಎಂದು ಹೆಂಡತಿ ಶೈಲಶ್ರೀ ಕೇಳಿದಳು.

“ಯಾರನ್ನೂ ಇಲ್ಲ. ರೋಡ್ ನೋಡಾಕತ್ತೀನಿ.”

“ರೋಡ್ ಎಲ್ಲೂ ಓಡಿ ಹೋಗೂದಿಲ್ರಿ. ನೀವು ಮಾಂತಣ್ಣನ್ನ ನೋಡಾಕತ್ತೀರಿ. ಹಂಗಂತ ಹೇಳ್ರಿ.”

ಹೆಂಡತಿ ಹೇಳಿದ್ದು ನಿಜವಾಗಿತ್ತು.

ಮಾಂತು ಅವನ ಗೆಳೆಯ. ಇಬ್ಬರೂ ಅಥಣಿ ಕಡೆಯವರು. ಒಂದೇ ಬಸ್ಸಿನಲ್ಲಿ ಪುಣೆಗೆ ಬಂದು, ಒಂದೇ ಖೋಲಿಯಲ್ಲಿದ್ದು, ಒಂದೇ ತಾಟಿನಲ್ಲಿ ಉಂಡವರು. ಆಮೇಲೆ ಮುರುಗೆಪ್ಪ ಅಂಗಡಿ ಹಾಕಿದ. ಮಾಂತು ಚಾಕಣದ ಕಡೆ ಒಂದು ಕಾರ್ಖಾನೆಗೆ ಸೇರಿದ. ಕೆಲಸದ ಜೊತೆಗೆ ಕುಡಿತವೂ ಅಂಟಿಕೊಂಡಿತು. ಮೊದಲು ಪಗಾರದ ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಲೆಕ್ಕವೇ ಇಲ್ಲ. ಒಂದೇ ಊರಲ್ಲಿದ್ದರೂ ಗೆಳೆಯ ಕೈತಪ್ಪಿ ಹೋದ. ಎದುರಿಗೆ ಸಿಕ್ಕರೂ ಕುಡಿದ ಮಾಂತು ಸಿಗುತ್ತಿದ್ದನೇ ಹೊರತು ಮುರುಗೆಪ್ಪನ ಮಾಂತು ಸಿಗುತ್ತಿರಲಿಲ್ಲ.

ಕಡೆಗೆ ಮಾಂತುವಿನ ಹೆಂಡತಿ ಅಂಬಾಬಾಯಿ, ಇರುವ ಒಬ್ಬಳೇ ಮಗಳ ಮುಖ ನೋಡಿ, ಹಟ ಹಿಡಿದು ಅವನನ್ನು ಆಸ್ಪತ್ರೆಗೆ ಸೇರಿಸಿದಳು. ಔಷಧಿ ಆಯಿತು, ಸಮಾಲೋಚನೆ ಆಯಿತು. ಕುಡಿತ ಬಿಟ್ಟವರೆಲ್ಲ ವಾರಕ್ಕೊಮ್ಮೆ ಕೂಡಿ ಮಾತಾಡುವ ಕೂಟಕ್ಕೂ ಹೋಗತೊಡಗಿದ. ಕಾರ್ತಿಕ ಏಕಾದಶಿಗೆ ಮುರುಗೆಪ್ಪನೇ ಅವನನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗಿ ತುಳಸಿ ಮಾಲೆ ಹಾಕಿಸಿದ. ಆ ಮಾಲೆ ಕೊರಳಿಗೆ ಬಿತ್ತೆಂದರೆ ಹೆಂಡ ಮುಟ್ಟುವಂತಿಲ್ಲ, ಮಾಂಸ ಮುಟ್ಟುವಂತಿಲ್ಲ. ಆ ಕಡೆಯ ಜನರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಲ್ಲಿಂದ ನಾಲ್ಕು ತಿಂಗಳು ಮುರುಗೆಪ್ಪನ ಬದುಕಿನಲ್ಲಿ ಹಬ್ಬ. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರೂ ಕಾತ್ರಜ ಘಾಟ್ ಹತ್ತುತ್ತಿದ್ದರು. ಮೇಲೆ ಕೂತು ರೊಟ್ಟಿ ಬಿಚ್ಚಿ, ಕೆಳಗೆ ಹೋಗುವ ಬಸ್ಸುಗಳಲ್ಲಿ ನಮ್ಮ ಕಡೆಯ ಕೆಂಪು ಬಸ್ಸು ಯಾವುದು ಎಂದು ಹುಡುಕುತ್ತಿದ್ದರು. ಏಕಾದಶಿ ಬಂದರೆ ಮುರುಗೆಪ್ಪನ ಮನೆಯಲ್ಲಿ ಭಜನೆ. ಮಾಂತು ಪದ ಎತ್ತಿದರೆ ಮುರುಗೆಪ್ಪನ ತಾಯಿ ಭೀಮವ್ವ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಾಗೆಂದು ಯಾರಾದರೂ ಅಂದರೆ ಮಾತ್ರ, “ಊದಿನಕಡ್ಡಿ ಹೊಗಿ ಹೋಗೇದ” ಎಂದು ಬೈಯುತ್ತಿದ್ದಳು.

ಈಗ ಭಾನುವಾರಗಳು ಖಾಲಿ. ಮಾಂತು ಬರುತ್ತಿಲ್ಲ. ಫೋನ್ ಮಾಡಿದರೆ ಓವರ್‌ಟೈಮ್ ಅನ್ನುತ್ತಾನೆ, ಮೈಗೆ ಹುಷಾರಿಲ್ಲ ಅನ್ನುತ್ತಾನೆ. ಮುರುಗೆಪ್ಪ ಒಂದು ಸಲ ಒಬ್ಬನೇ ಘಾಟ್ ಹತ್ತಿದ. ಬಿಚ್ಚಿದ ರೊಟ್ಟಿ ಗಂಟನ್ನು ಹಾಗೆಯೇ ಕಟ್ಟಿಕೊಂಡು ಇಳಿದು ಬಂದ.

ಒಂದು ಸಂಜೆ ಕಂಪನಿಯ ಬಸ್ಸಿನಿಂದ ಮಾಂತು ಇಳಿಯುವುದು ಅವನ ಕಣ್ಣಿಗೆ ಬಿತ್ತು. ಏಪ್ರಿಲ್ ತಿಂಗಳ ಧಗೆ. ಜನ ಅಂಗಿಯ ಗುಂಡಿ ಬಿಚ್ಚಿ ಕರ್ಚೀಫಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರೆ, ಈ ಮಹಾರಾಯ ಕೊರಳವರೆಗೆ ಗುಂಡಿ ಬಿಗಿದುಕೊಂಡಿದ್ದ. ಮುರುಗೆಪ್ಪ ಓಡಿ ಹೋಗಿ ಭುಜ ಹಿಡಿದ. ಮಾಂತು ಬೆಚ್ಚಿ ತಿರುಗಿದಾಗ ಕಾಲರ್ ಸರಿಯಿತು. ಕೊರಳು ಬರಿದಾಗಿತ್ತು. ಮಾಲೆ ಇರಲಿಲ್ಲ.

“ಗಡಬಡ ಅದಲೇ, ಆಮ್ಯಾಲ ಸಿಗ್ತೀನಿ” ಎಂದವನೇ ಮಾಂತು ಜನರ ನಡುವೆ ಮರೆಯಾದ.

ಮುರುಗೆಪ್ಪ ಮನೆಗೆ ಬಂದು ಹೇಳಿದ್ದೇ ತಡ, ಭೀಮವ್ವ ಶುರು ಮಾಡಿದಳು. ಅವಳ ಕೊರಳಲ್ಲೂ ತುಳಸಿ ಮಾಲೆ ಇತ್ತು.

“ಮಾಲಿ ತಗದಾನ ಅಂದ್ರ ಕುಡದಾನ. ಕುಡದಾನ ಅಂದ್ರ ಮುಗೀತು. ಮಾಡಿದ್ದೆಲ್ಲಾ ನೀರಾಗ ಹೋತು. ಮುರಗ್ಯಾ, ಇನ್ನ ಅವನ್ನ ಭಜನಿಗೆ ಕರೀಬ್ಯಾಡ. ಆಷಾಢಿ ಏಕಾದಶಿ ಬರಲಿ, ಪಂಢರಪುರಕ್ಕ ಒಯ್ದು ಮಗಳ ಮ್ಯಾಲ ಆಣಿ ಮಾಡಸು.”

“ಅತ್ತೀ, ಅವರು ಕುಡದಾರೋ ಇಲ್ಲೋ ಯಾರಿಗೆ ಗೊತ್ತು? ದಾರ ಹರದಿರಬಹುದು” ಎಂದಳು ಶೈಲಶ್ರೀ.

“ದಾರ ಹರದ್ರ ಗುಂಡಿ ಯಾಕ ಹಾಕ್ಕೋತಾನ? ನನಗ ಕಲಸ್ತೀಯೇನು?”

“ಅಲ್ರಿ, ನೀವರ ಕೇಳಿದಿರೇನು ಅವರನ್ನ?” ಎಂದು ಶೈಲಶ್ರೀ ಗಂಡನತ್ತ ತಿರುಗಿದಳು.

“ಕೇಳೂದೇನದ? ಕುತ್ತಿಗಿ ಕಣ್ಣಾರೆ ನೋಡೀನಿ.”

“ಕುತ್ತಿಗಿ ನೋಡೀರಿ. ಮನುಷ್ಯಾನ್ನ ನೋಡೀರೇನು?”

ಮುರುಗೆಪ್ಪನಿಗೆ ಆ ಮಾತು ಹಿಡಿಸಲಿಲ್ಲ. ತಾನು ಕರೆದುಕೊಂಡು ಹೋಗಿ ಹಾಕಿಸಿದ ಮಾಲೆಯನ್ನು ತೆಗೆದು, ಅದನ್ನು ತನ್ನಿಂದಲೇ ಮುಚ್ಚಿಡುತ್ತಾನೆಯೇ? ಸಿಟ್ಟಿನ ಕೆಳಗೆ ಇನ್ನೊಂದು ಇತ್ತು. ಮತ್ತೆ ಇವನನ್ನು ಕಳೆದುಕೊಳ್ಳುತ್ತೇನೆ ಎಂಬ ಹೆದರಿಕೆ. ಆದರೆ ಬಾಯಿಂದ ಬಂದದ್ದು ಸಿಟ್ಟೊಂದೇ. ಫೋನ್ ಹಚ್ಚಿದ.

“ಮಾಂತ್ಯಾ, ಮಗಳ ಆಣಿ ಮಾಡಿ ಹೇಳು, ಕುಡದೀಯೋ ಇಲ್ಲೋ?”

“ಮಗಳ ಆಣಿ ಬ್ಯಾಡಲೇ” ಎಂದ ಮಾಂತು.

“ಹಂಗಾದ್ರ ಏಕಾದಶಿಗೆ ನಮ್ಮನಿಗೆ ಬರಬ್ಯಾಡ. ಮಾಲಿ ಹಾಕ್ಕೊಂಡ ಮ್ಯಾಲ ಬಾ.”

“ಆತು” ಎಂದು ಮಾಂತು ಫೋನ್ ಇಟ್ಟ.

ಬಂಧುಗಳೇ, ನೀವೇ ಹೇಳಿ. ಜ್ವರ ಬಂದವನಿಗೆ ಯಾರಾದರೂ “ಗುಣ ಆದ ಮೇಲೆ ಡಾಕ್ಟರ ಕಡೆ ಬಾ” ಅನ್ನುತ್ತಾರೆಯೇ? ನಮ್ಮ ಮುರುಗೆಪ್ಪ ಮಾಡಿದ್ದು ಅದೇ ಕೆಲಸ.

ಏಕಾದಶಿ ಬಂತು. ಭಜನೆಯೂ ನಡೆಯಿತು. ತಾಳ ಬಡಿದರು, ಪದ ಹಾಡಿದರು. ಮುರುಗೆಪ್ಪನಿಗೆ ಯಾವ ಪದವೂ ಮನಸ್ಸಿಗೆ ಇಳಿಯಲಿಲ್ಲ. ಮಾಂತು ಎತ್ತುತ್ತಿದ್ದ ಪದವನ್ನು ಬೇರೆ ಯಾರೋ ಎತ್ತಿದರು. ಆಗ ಅವನು ನೀರು ಕುಡಿಯುವ ನೆವದಲ್ಲಿ ಎದ್ದು ಅಡುಗೆಮನೆಗೆ ಹೋದ. ಅಲ್ಲಿ ನಿಂತು ನೀರನ್ನೇನೂ ಕುಡಿಯಲಿಲ್ಲ.

ಮರುದಿನ ಅಂಬಾಬಾಯಿಯ ಫೋನು ಬಂತು. “ಅಣ್ಣಾ, ಅವರು ಯಾರ ಜೋಡಿನೂ ಮಾತಾಡವಲ್ರು. ಕೂಟಕ್ಕೂ ಹೋಗವಲ್ರು. ನೀವು ಏನರ ಅಂದೀರೇನು?”

ಮುರುಗೆಪ್ಪ ಫೋನನ್ನು ಶೈಲಶ್ರೀಯ ಕೈಗೆ ಕೊಟ್ಟುಬಿಟ್ಟ.

“ನಡೀರಿ, ಆಸ್ಪತ್ರಿಗೆ ಹೋಗೂಣು” ಎಂದಳು ಶೈಲಶ್ರೀ. “ಅವರಿಗೆ ತಿಳಿಸಿ ಹೇಳಿದ ಸುರಭಿ ಮೇಡಮ್ ಇದ್ದಾರಲ್ಲ, ಅವರನ್ನ ಕೇಳೂಣು.”

“ಕುಡದಾಂವ ಅಂವ. ಆಸ್ಪತ್ರಿಗೆ ನಾವ್ಯಾಕ?”

“ಏನ್ ಮಾಡಬೇಕು ಅಂತ ತಿಳೀದು ನಮಗ. ಅದಕ್ಕ ನಾವ ಹೋಗೂದು.”

ಸುರಭಿ ಆಸ್ಪತ್ರೆಯ ಸಮಾಲೋಚಕಿ. ಧಾರವಾಡದ ಹುಡುಗಿ. ಹೊರಗೆ ಮರಾಠಿಯಲ್ಲಿ ಯಾರಿಗೋ “ಬಸಾ, ಬಸಾ” ಎನ್ನುತ್ತಿದ್ದವಳು, ಇವರನ್ನು ಕಂಡಕೂಡಲೇ “ಬರ್ರಿ ಅಣ್ಣಾರ, ಕುಂದರ್ರಿ” ಎಂದಳು. ಮುರುಗೆಪ್ಪ ಎಲ್ಲವನ್ನೂ ಹೇಳಿದ. ಫೋನಿನಲ್ಲಿ ಆಡಿದ್ದನ್ನು ಮಾತ್ರ ನೆಲ ನೋಡುತ್ತ ಹೇಳಿದ.

“ಮಾಂತಣ್ಣಾರ ಚಿಕಿತ್ಸಾದ ವಿಷಯ ನಾ ನಿಮಗ ಹೇಳಾಕ ಬರೂದಿಲ್ರಿ. ಅದು ಅವರದು” ಎಂದಳು ಸುರಭಿ. “ಆದ್ರ ಗೆಳ್ಯಾ ಅಂತ ನೀವು ಏನ್ ಮಾಡಬಹುದು, ಅದನ್ನ ಹೇಳತೀನಿ. ಮೊದಲ, ಅವರು ಕುಡದಾರ ಅಂತ ನಿಮಗ ಗೊತ್ತಿಲ್ಲ. ಸಂಶೆ ಅದ ಅಷ್ಟ. ಸಂಶೆ ಇದ್ರ ಕೇಳಬೇಕು. ಜನರ ಮುಂದ ಅಲ್ಲ, ಕುಡದಾಗಂತೂ ಅಲ್ಲ. ಹುಷಾರಿದ್ದಾಗ, ಇಬ್ಬರ ಇದ್ದಾಗ, ಸಮಾಧಾನಲೆ.”

“ಕುಡದಿದ್ರ?”

“ಕುಡದಿದ್ರ ಜಾರ್ಯಾರ ಅಂತ ಅರ್ಥ. ಘಾಟ್ ಹತ್ತುವಾಗ ಕಾಲು ಜಾರಿದ್ರ ನೀವು ಮತ್ತ ಕಾತ್ರಜ ಚೌಕಕ್ಕ ಬಂದು ಮೊದಲಿಂದ ಹತ್ತತೀರೇನು? ಎಲ್ಲಿ ಬಿದ್ದಿರಿ ಅಲ್ಲಿಂದ ಎದ್ದು ನಡೀತೀರಿ. ಇಷ್ಟು ತಿಂಗಳು ಕುಡೀದ ಇದ್ದದ್ದು ಎಲ್ಲೂ ಹೋಗಿಲ್ರಿ. ಅದನ್ನ ಅವರಿಗೆ ನೆನಪ ಮಾಡಿ ಕೊಡ್ರಿ.”

“ಆಣಿ ಮಾಡಸಬಾರದೇನ್ರಿ? ನಮ್ಮವ್ವ ಅಂತಾಳ...”

“ಬ್ಯಾಡ್ರಿ. ಇದು ಬ್ಯಾನಿ. ಬ್ಯಾನಿಗೆ ಆಣಿ ನಡಿಯೂದಿಲ್ಲ. ಆಣಿ ಮುರದ್ರ ಮನುಷ್ಯಾಗ ಮತ್ತೊಂದು ನಾಚಿಕಿ. ಆ ನಾಚಿಕಿ ಮರೀಲಿಕ್ಕ ಮತ್ತ ಬಾಟ್ಲಿ.” ಸುರಭಿ ಸ್ವಲ್ಪ ಮುಂದೆ ಬಾಗಿ ಕೂತಳು. “ಇನ್ನೊಂದ ಮಾತ ನೆನಪಿಟ್ಕೊಳ್ರಿ. ಅವರು ದಿನಾ ಕುಡಿಯಾಕ ಹತ್ತಿದ್ರ, ಮನ್ಯಾಗ ಕೂಡಿ ಹಾಕಿ ಒಮ್ಮಿಗೇ ಬಿಡಸಾಕ ಹೋಗಬ್ಯಾಡ್ರಿ. ಕೈ ನಡುಗೂದು, ಮೈಯೆಲ್ಲಾ ಬೆವರೂದು, ಹುಚ್ಚುಹುಚ್ಚು ಮಾತಾಡೂದು, ಫಿಟ್ಸ್ ಬರೂದು ಆಗಬಹುದು. ಜೀವಕ್ಕ ಕುತ್ತು ಅದು. ಹಂಗೇನರ ಕಂಡ್ರ ತಾಬಡತೋಬ, ಒಂದ ಕ್ಷಣಾನೂ ತಡಾ ಮಾಡದ, ಆಸ್ಪತ್ರಿಗೆ ಕರಕೊಂಡು ಬರ್ರಿ.”

“ಹಂಗಾದ್ರ ನಾ ಅವನ್ನ ದಿನಾ ಕಾಯಬೇಕೇನ್ರಿ?”

“ಆಗೂದಿಲ್ರಿ. ನೀವು ಪೊಲೀಸ್ ಅಲ್ಲ, ಗೆಳ್ಯಾ. ಬಿಡೂ ಕೆಲಸ ಅವರದ. ಒಬ್ಬರ ಬಿಡೂ ಹಂಗ ಆಗಬಾರದು, ಅಷ್ಟ ನಿಮ್ಮ ಕೆಲಸ.”

ಮುರುಗೆಪ್ಪ ತಲೆ ಕೆರೆದುಕೊಂಡ. “ಹೋಗಿ ಏನಂತ ಮಾತು ತಗೀಲ್ರಿ? ನನಗ ವ್ಯಾಪಾರದ ಮಾತು ಬರ್ತಾವು. ಇಂಥಾವು ಬರೂದಿಲ್ಲ.”

“ನಿಮ್ಮ ಮನಸ್ಸಿನ್ಯಾಗ ಏನದ ಈಗ?”

“ಏನದರಿ...” ಎಂದು ಹೆಂಡತಿಯ ಕಡೆ ಒಮ್ಮೆ ನೋಡಿದ. “ಅಂವ ಇಲ್ದ ನನಗ ಆಗವಲ್ತು. ಅಷ್ಟ ಅದ.”

“ಅದನ್ನ ಹೇಳ್ರಿ” ಎಂದಳು ಸುರಭಿ.

ಭಾನುವಾರ ಬೆಳಿಗ್ಗೆ ಮುರುಗೆಪ್ಪ ಮಾಂತುವಿನ ಬಾಗಿಲಲ್ಲಿ ನಿಂತ. ಮಾಂತು ಬನಿಯನ್ನಿನಲ್ಲೇ ಬಾಗಿಲು ತೆಗೆದ. ಗೆಳೆಯನನ್ನು ಕಂಡದ್ದೇ ಅವನ ಕೈ ಕೊರಳಿಗೆ ಹೋಯಿತು. ಮುರುಗೆಪ್ಪ ಕೊರಳು ನೋಡಲಿಲ್ಲ.

“ನಡಿ, ಘಾಟಿಗೆ ಹೋಗೂಣು. ಶೈಲಾ ರೊಟ್ಟಿ ಕಟ್ಯಾಳ.”

“ಮಾಲಿ ಇಲ್ಲಲೇ ನನಗ.”

“ನಾ ರೊಟ್ಟಿ ಅಂದೆ, ಮಾಲಿ ಅನಲಿಲ್ಲ. ನಡಿ.”

ಮೇಲೆ ಹೋಗಿ ಕೂತರು. ಬಸ್ಸುಗಳು ಹೋದವು. ಆಸ್ಪತ್ರೆಯಿಂದ ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮುರುಗೆಪ್ಪನಿಗೆ ಮರೆತೇ ಹೋಗಿತ್ತು. ಒಂದು ಮಾತು ಮಾತ್ರ ಉಳಿದಿತ್ತು.

“ಮಾಂತ್ಯಾ, ನೀ ಬರವಲ್ಲಿ. ನನಗ ಭಾಳ ಬ್ಯಾಸರ ಆಗೇದ. ಅಂಗಡ್ಯಾಗ ಕುಂತ್ರೂ ನಿನ್ನ ದಾರಿನ ನೋಡ್ತೀನಿ. ಫೋನಿನ್ಯಾಗ ನಾ ಅಂದದ್ದು ತಪ್ಪಾತು. ಈಗ ಕೇಳತೀನಿ, ಬೈಯೂದಿಲ್ಲ. ಏನಾತು?”

ಮಾಂತು ಕಲ್ಲೊಂದನ್ನು ಎತ್ತಿ ಕೈಯಲ್ಲಿ ಹೊರಳಿಸಿದ. ಆಮೇಲೆ ಹೇಳತೊಡಗಿದ.

“ನಮ್ಮ ಸೂಪರ್‌ವೈಜರ್ ರಿಟೈರ್ ಆದ್ರು. ಧಾಬಾದಾಗ ಪಾರ್ಟಿ. ಎಲ್ಲಾರೂ ಒಂದ ಗ್ಲಾಸು, ಒಂದ ಗ್ಲಾಸು ಅಂತ ಬೆನ್ನ ಹತ್ತಿದ್ರು. ನಾ ಏನ್ ಮಾಡಿದೆ ಗೊತ್ತೇನು? ಬಚ್ಚಲಕ್ಕ ಹೋಗಿ ಮಾಲಿ ತಗದು ಕಿಸೇದಾಗ ಇಟ್ಟೆ. ದೇವರಿಗೆ ಮೋಸ ಆಗಬಾರದಂತ! ಎಷ್ಟ ಶಾಣ್ಯಾ ನೋಡು. ಬಂದು ಕುಡದೆ. ಮರುದಿನ ಮಾಲಿ ಹಾಕ್ಕೊಳ್ಳಾಕ ಕೈ ಬರಲಿಲ್ಲ. ಹೊಲಸಾದ ಕುತ್ತಿಗಿ ಅನಿಸ್ತು. ನಾಕ್ ದಿನ ಬಿಟ್ಟು ಮತ್ತ ಆಸೆ ಆತು. ಹೆಂಗೂ ಮಾಲಿ ಇಲ್ಲ, ಇನ್ನ ಕುಡದ್ರೇನು, ಬಿಟ್ರೇನು ಅಂತ ಮತ್ತ ಕುಡದೆ.”

“ನಾ ಫೋನ್ ಮಾಡಿದ ಮ್ಯಾಲ?”

“ಅವತ್ತೂ ಕುಡದೆ.”

ಮುರುಗೆಪ್ಪ ಕಣ್ಣು ಮುಚ್ಚಿಕೊಂಡ.

“ಏಕಾದಶಿ ದಿವಸ ಮಾತ್ರ ಕುಡೀಲಿಲ್ಲ” ಎಂದ ಮಾಂತು. “ನಿಮ್ಮನಿ ಮುಂದ, ರೋಡಿನ ಆಚೀಕ ನಿಂತಿದ್ದೆ. ಭಜನಿ ಮುಗಿಯೂ ತನಕ. ನನ್ನ ಪದ ಬ್ಯಾರೆ ಯಾರೋ ಹಾಡಿದ್ರು. ಭಾಳ ಎತ್ತರ ಎತ್ತಿದ್ರು, ನಡುವ ದಮ್ಮು ಹತ್ತಿತು ಅವರಿಗೆ. ಒಳಗ ಬಂದು ಹೇಳಬೇಕು ಅನಿಸ್ತಲೇ, ಸ್ವಲ್ಪ ಇಳಸ್ರಿ ಅಂತ.”

ನಗಬೇಕೆಂದು ಹೊರಟ ಮುರುಗೆಪ್ಪನಿಗೆ ಅಳು ಬಂತು. ತಾನು ಅಡುಗೆಮನೆಯಲ್ಲಿ ನಿಂತು ಯಾರಿಗಾಗಿ ಹಂಬಲಿಸುತ್ತಿದ್ದನೋ, ಅವನು ಆಗ ಹೊರಗೆ ನಿಂತಿದ್ದ. ನಡುವೆ ಇದ್ದದ್ದು ಒಂದು ರಸ್ತೆ ಮತ್ತು ತಾನೇ ಆಡಿದ ಒಂದು ಮಾತು. ಗಂಡಸು ಅಳಬಾರದು ಎಂದು ಯಾರು ಹೇಳಿದರೋ ಏನೋ, ಅವತ್ತು ಘಾಟಿನ ಮೇಲೆ ಇಬ್ಬರು ಗಂಡಸರು ಮನಸಾರೆ ಅತ್ತರು.

“ಇವತ್ತ ಕುಡದೀಯೇನು?” ಎಂದು ಮುರುಗೆಪ್ಪ ಮೂಗೊರೆಸಿಕೊಂಡು ಕೇಳಿದ.

“ಇಲ್ಲ.”

“ಹಂಗಾದ್ರ ನೀ ಇವತ್ತ ಕುಡೀದಾಂವ. ಹಿಂದಿನ ಅಷ್ಟೂ ತಿಂಗಳು ನಿನ್ನವ. ಅವನ್ನ ಯಾರೂ ಕಸಗೊಂಡಿಲ್ಲ. ನಾಳೆ ಸುರಭಿ ಮೇಡಮ್ ಕಡೆ ಹೋಗೂಣು. ನೀ ಒಳಗ ಮಾತಾಡು, ನಾ ಹೊರಗ ಕುಂತಿರತೀನಿ.”

“ಮತ್ತ ಬಿದ್ರ?”

“ಫೋನ್ ಮಾಡು. ಬೀಳೂ ಮೊದಲ ಮಾಡಿದ್ರ ಇನ್ನೂ ಛಲೋ.”

ಮರುದಿನ ಆಸ್ಪತ್ರೆಗೆ ಹೋದರು. ಮಾಂತು ಮತ್ತೆ ಔಷಧಿ ಶುರು ಮಾಡಿದ, ಕೂಟಕ್ಕೂ ಹೋಗತೊಡಗಿದ. ಇತ್ತ ಮನೆಯಲ್ಲಿ ಭೀಮವ್ವನಿಗೆ ಸಮಾಧಾನವಿರಲಿಲ್ಲ. “ಮಾಲಿ ಇಲ್ಲದಾಂವ ಭಜನ್ಯಾಗ ಹೆಂಗ ಕುಂದರ್ತಾನ?” ಎಂದು ಮೂಗು ಮುರಿದಳು. ಶೈಲಶ್ರೀ ವಾದಕ್ಕೆ ಇಳಿಯಲಿಲ್ಲ. ಏಕಾದಶಿಯ ದಿನ ಮಾಂತು ರಸ್ತೆಯ ಆಚೆ ನಿಂತಿದ್ದನ್ನಷ್ಟೇ ಹೇಳಿದಳು.

ಭೀಮವ್ವ ತಿರುಗಿ ನೋಡಿದಳು. “ನಮ್ಮನಿ ಮುಂದ ನಿಂತಿದ್ನ?”

“ಹೂಂ ಅತ್ತಿ.”

“ಎಷ್ಟೊತ್ತು?”

“ಮುಗಿಯೂ ತನಕ.”

“ಅವತ್ತ ಶಾಬೂದಾಣಿ ಖಿಚಡಿ ಒಂದ ಪಾತೇಲಿ ಉಳದಿತ್ತು” ಎಂದಳು ಭೀಮವ್ವ. “ನಮ್ಮ ಬಾಗಲದಿಂದ ಹಂಗ ಉಪಾಸ ಹೋದ್ನ ನನ್ನ ಮಗಾ? ಇಠ್ಠಲಾ, ಎಂಥಾ ಮಾತ ಆಡಿಸಿದ್ಯೋ ನನ್ನ ಬಾಯಾಗ!”

ಮುಂದಿನ ಏಕಾದಶಿಗೆ ಮಾಂತು ಬಂದ. ಕೊರಳು ಇನ್ನೂ ಬರಿದಾಗಿಯೇ ಇತ್ತು. ಮನಸ್ಸು ಗಟ್ಟಿಯಾದಾಗ ತಾನಾಗಿಯೇ ಹಾಕಿಕೊಳ್ಳುತ್ತೇನೆ ಎಂದಿದ್ದ, ಯಾರೂ ಒತ್ತಾಯ ಮಾಡಿರಲಿಲ್ಲ. ಸಂಕೋಚದಿಂದ ಬಾಗಿಲ ಹತ್ತಿರ ಕೂತ. ಭೀಮವ್ವ ಒಳಗಿನಿಂದಲೇ ಕೂಗಿದಳು.

“ಬಾಗಲದಾಗ ಯಾಕ ಕುಂತಿ? ಗಾಳಿ ಬರಗೊಡು. ಒಳಗ ಬಂದು ಪದಾ ಹೇಳು. ಹ್ವಾದ ಸಲ ಕೇಳಿ ಕೇಳಿ ಕಿವಿ ಕೆಟ್ಟಾವು.”

ಆಮೇಲೆ ಮಾಂತು ಎಂದೂ ಕುಡಿಯಲೇ ಇಲ್ಲ ಎಂದು ಹೇಳಿ ಕಥೆ ಮುಗಿಸಿದರೆ ನಿಮಗೂ ಸಮಾಧಾನ, ನಮಗೂ ಸಮಾಧಾನ. ಆದರೆ ನಾಳೆಯದನ್ನು ನಾವು ಹೇಗೆ ಹೇಳುವುದು? ಇಲ್ಲಿಯವರೆಗೆ ನಡೆದದ್ದನ್ನಷ್ಟೇ ಹೇಳಬಹುದು. ಮಳೆಗಾಲದ ಒಂದು ಸಂಜೆ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದಾಗ ಮುರುಗೆಪ್ಪನ ಫೋನು ಬಡಿಯಿತು.

“ಮುರಗ್ಯಾ, ಚೌಕದ ಬಾರಿನ ಮುಂದ ನಿಂತೀನಿ. ಇನ್ನೂ ಒಳಗ ಹೋಗಿಲ್ಲ. ಬರ್ತೀಯೇನು?”

“ಬಂದೆ” ಎಂದು ಮುರುಗೆಪ್ಪ ತೂಗುತ್ತಿದ್ದ ಹಿಟ್ಟನ್ನು ಹಾಗೆಯೇ ಬಿಟ್ಟ. ಒಬ್ಬ ಗಿರಾಕಿ ಗೊಣಗಿದ. ಅಷ್ಟರಲ್ಲಿ ಭೀಮವ್ವ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಂದು ತಕ್ಕಡಿಯ ಮುಂದೆ ಕೂತಳು.

“ನೀ ಓಡು. ಇಲ್ಲಿ ನಾ ಇದ್ದೀನಿ” ಎಂದಳು.

ಮುರುಗೆಪ್ಪ ಹೋಗಿ ಮುಟ್ಟಿದಾಗ ಮಾಂತು ಹೊರಗೇ ನಿಂತಿದ್ದ. ಮೈಯೆಲ್ಲ ತೊಯ್ದಿತ್ತು. ಇಬ್ಬರೂ ಪಕ್ಕದ ಟಪರಿಯಲ್ಲಿ ಚಹಾ ಕುಡಿದು, ನಡೆದುಕೊಂಡೇ ಮನೆಗೆ ಬಂದರು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕುಡಿತ ಬಿಟ್ಟವರೊಬ್ಬರು ನಿಮಗೂ ಗೊತ್ತಿರಬಹುದು. ಈಚೆಗೆ ಅವರು ನಿಮ್ಮ ಕಣ್ಣು ತಪ್ಪಿಸುತ್ತಿರಬಹುದು. ಮತ್ತೆ ಕುಡಿದರೋ ಏನೋ ಎಂಬ ಸಂಶಯ ನಿಮಗೆ ಬಂದಿರಬಹುದು. ಆಣೆ ಹಾಕಿಸಬೇಡಿ, ಬಾಯಿ ಮೂಸಿ ನೋಡಬೇಡಿ, ಮುಗಿಯಿತು ಎಂದು ಕೈ ಬಿಡಬೇಡಿ. ಜಾರುವುದು ಈ ಕಾಯಿಲೆಯಲ್ಲಿ ಆಗುವಂಥದ್ದೇ, ಅಲ್ಲಿಂದ ಏಳಲು ಬರುತ್ತದೆ. ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ. ಅದಕ್ಕೂ ಮೊದಲು ಇನ್ನೊಂದು ಕರೆ ಇದೆ. ಈ ಹಾಳೆಯನ್ನು ಪಕ್ಕಕ್ಕಿಟ್ಟು ಈಗಲೇ ಅವರಿಗೆ ಫೋನ್ ಮಾಡಿ. ಬೇರೇನೂ ತೋಚದಿದ್ದರೆ, “ನೀ ಇಲ್ದ ನನಗ ಆಗವಲ್ತು” ಎಂದಷ್ಟೇ ಹೇಳಿ.